ಹೆಚ್ಚಿದ ಬಳೆ

ಬನ್ನಿಮಂಟಪದಾಚೆ, ಟೈರು ಗೋದಾಮಿನ ಮಗ್ಗುಲಲ್ಲಿ
ಹತ್ತಡಿ ಹನ್ನೆರಡಡಿ ಶೆಡ್ಡು. ಅದರಲ್ಲಿ ನನ್ನ ಕುಲುಮೆ:
ಹಗುರ ಇಟ್ಟಿಗೆ, ಸುರುಳಿ ತಂತಿ,
ಮುಂಬದಿಗೆ ಎರಡು ಬೆರಳಗಲದ ಇಣುಕುಕಂಡಿ.
ಕಾಲೇಜಿನ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ
ಗಾಜು ತೊಳೆದವಳು
ಕರಗಿಸುವುದನ್ನು ಈಗ ಕಲಿಯುತ್ತಿದ್ದೇನೆ.

ಚೆನ್ನಾಜಮ್ಮ ಚೀಲ ತಂದು ಸುರಿದಳು.
ಮಾರ್ಕೆಟ್ಟಿನ ಬಳೆಯಂಗಡಿಯಲ್ಲಿ ನಾಲ್ಕು ತಿಂಗಳು ಕೂಡಿಟ್ಟ ಚೂರು,
ಗಿಳಿಹಸಿರು, ಕೆಂಪು, ಕನಕಾಂಬರ, ಒಂದು ಹಿಡಿ ಕಪ್ಪು.
“ಇಷ್ಟೊಂದು ಒಡೆದವಾ?” ಅಂದೆ.
“ಒಡೆದ್ವು ಅನ್ಬ್ಯಾಡ ಕನವ್ವ. ಹೆಚ್ಚಿದ್ವು ಅನ್ನು.
ಒಂದು ತಟ್ಟೆ ಮಾಡ್ಕೊಡು. ಗಲ್ಲಾದ ಮುಂದೆ ಮಡಿಕ್ಕತೀನಿ.”

ಮೊದಲು ಹಲಗೆಗೆ ಬಿಳಿ ಬಳಿಯಬೇಕು.
ಜೇಡಿಪುಡಿಯನ್ನು ಹಾಲಿನಷ್ಟು ತೆಳ್ಳಗೆ ಕದಡಿ
ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ, ಮೂಲೆಯಿಂದ ಮೂಲೆಗೆರಡು ಸಲ.
ಇಲ್ಲವಾದರೆ ಗಾಜು ಹಲಗೆಯನ್ನು ಕಚ್ಚಿ ಬಿಡುವುದಿಲ್ಲ.
“ಕಾವಲಿಗೆ ಎಣ್ಣೆ ಸವರ್ದಂಗೆ.”
ಹೌದು, ಹಾಗೆಯೇ.

ಶಿವರಾಂಪೇಟೆಯ ಫ್ರೇಮಿನಂಗಡಿ ಇನಾಯತ್ ಸಾಬರು ಕೊಟ್ಟ
ಕಿಟಕಿಗಾಜಿಗೆ ಎರಡು ಮುಖ:
ಕರಗಿದ ತವರದ ಮೇಲೆ ತೇಲಿದ್ದೊಂದು, ಗಾಳಿ ಕಂಡದ್ದೊಂದು.
ಕಣ್ಣಿಗೆ ತಿಳಿಯದು. ಅವರು ನಾಲಿಗೆಯ ತುದಿ ತಾಗಿಸಿ
“ಇದು ತವರ, ಸ್ವಲ್ಪ ಒರಟು” ಅನ್ನುತ್ತಾರೆ.
ನನ್ನ ನಾಲಿಗೆಗೆ ಎರಡೂ ಗಾಜು.

ಸೀಮೆಎಣ್ಣೆಯಲ್ಲಿ ಅದ್ದಿದ ಚಕ್ರದಿಂದ ಒಂದೇ ಗೀರು, ಚರ್ರನೆ.
ಎರಡನೆಯದು ಎಳೆದರೆ ಗಾಜಿಗೆ ಗೊಂದಲ,
ಎಲ್ಲಿ ಸೀಳಬೇಕೋ ಅದನ್ನು ತಾನೇ ನಿರ್ಧರಿಸುತ್ತದೆ.
ಕೆಳಗೊಂದು, ಮೇಲೊಂದು, ನಡುವೆ ಬಳೆಚೂರು.

ಗಂಟೆಗೆ ನೂರೈವತ್ತು ಡಿಗ್ರಿ. ಅವಸರ ಬೇಡ.
ಆರುನೂರ ಎಪ್ಪತ್ತರಲ್ಲಿ ಅರ್ಧ ಗಂಟೆ ತಂಗು,
ಸಿಕ್ಕಿಬಿದ್ದ ಗಾಳಿಗೂ ಹೊರಡಲು ಹೊತ್ತು ಬೇಕಲ್ಲ.
ಕರೆಂಟು ಕೈಕೊಟ್ಟೀತೆಂದು ಲೈನ್‌ಮನ್ ಸಿದ್ದಶೆಟ್ಟಿಗೆ
ಎರಡು ಸಲ ಫೋನು ಮಾಡಿದ್ದೇನೆ.

ಎಂಟುನೂರು ದಾಟಿತು. ಕಪ್ಪು ಕನ್ನಡಕ ಕೊಟ್ಟು
“ಇಣುಕು” ಅಂದೆ.
ಒಳಗೆ ಹಸಿರಿಲ್ಲ, ಕೆಂಪಿಲ್ಲ, ಎಲ್ಲವೂ ಒಂದೇ ಕಿತ್ತಳೆ.
ಮೂಲೆಗಳು ಮೂಲೆಯಾಗಿರುವುದನ್ನು ಬಿಡುತ್ತಿದ್ದವು.
ಬಾಗಿದವಳು ಏಳಲಿಲ್ಲ.
ನಲವತ್ತು ವರ್ಷ, ಎಷ್ಟು ಸಾವಿರ ಬಿಗಿದ ಕೈಗಳನ್ನು ಹಿಡಿದು
ಹೆಬ್ಬೆರಳ ಬುಡ ಒತ್ತಿ ಒತ್ತಿ ಕೇಳಿದ್ದನ್ನು
ಈಗ ಯಾರೂ ಕೇಳದೆಯೇ ಕಂಡಳು:
“ಹಾಂ, ಕೈ ಸಡ್ಲ ಬುಡ್ತು ನೋಡು.”

ಆಮೇಲಿನದು ಕಷ್ಟ. ಮುಚ್ಚಳ ತೆಗೆಯುವಂತಿಲ್ಲ.
ಐನೂರ ಐವತ್ತರಲ್ಲಿ ಒಂದು ಗಂಟೆ ನಿಲ್ಲಿಸಿ, ಅಲ್ಲಿಂದ ಇಳಿಸುವುದು
ಬಾಣಂತಿಯನ್ನು ಗಾಳಿಗೆ ಬಿಡದ ಹಾಗೆ.
ರಾತ್ರಿಯೆಲ್ಲ ಡಬ್ಬಿಯ ಕೆಂಪಂಕಿ ಒಂದೊಂದೇ ಮೆಟ್ಟಿಲು.

ಮಾರನೆಯ ದಿನ ತಟ್ಟೆ ಚೆನ್ನಾಗಿತ್ತು. ಅದೇ ನನ್ನನ್ನು ಕೆಡಿಸಿದ್ದು.
ಮೂರನೆಯ ದಿನ ಕಾಫಿ ಸೋಸುವಾಗ ಮೇಜಿನ ಮೇಲೆ
ಟಿಣ್.

ಹಳೆಯ ಲ್ಯಾಪ್‌ಟಾಪ್ ಪರದೆಯಿಂದ ಕಿತ್ತ ಎರಡು ಹಾಳೆಗಳ ನಡುವೆ ಹಿಡಿದೆ.
ಪ್ರತಿ ಬಳೆಚೂರಿನ ಸುತ್ತ ಬೆಳಕು,
ಚಂದ್ರನ ಸುತ್ತ ಕಟ್ಟೆ ಕಟ್ಟಿದ ಹಾಗೆ.
ಇದು ಹಿಗ್ಗುವ ಲೆಕ್ಕ ಬೇರೆ, ಅದು ಕುಗ್ಗುವ ಲೆಕ್ಕ ಬೇರೆ.
ಎಷ್ಟು ನಿಧಾನಿಸಿದರೂ ತೀರದ ಜಗಳ.
ಒಂದೇ ಒಂದು ಚೂರು ಇಟ್ಟು ಮೊದಲು ಪರೀಕ್ಷಿಸಬೇಕಿತ್ತು.
ಅದು ನನಗೆ ಗೊತ್ತಿತ್ತು ಕೂಡ.
ಅವಳ ಕಣ್ಣಿನೊಳಗಿದ್ದ ತಟ್ಟೆ ನನಗೂ ಕಂಡುಬಿಟ್ಟಿತ್ತು.

ಲ್ಯಾಬಿನ ಅಭ್ಯಾಸ, ಬರೆದಿಡಲೇಬೇಕು.
‘ಒ’ ಬರೆದು ಹೊಡೆದು ಹಾಕಿದೆ.

ತಟ್ಟೆ ಒಂದು. ಹೆಚ್ಚಿತು.
ತಟ್ಟೆ ಎರಡಕ್ಕೆ: ಬಳೆ ಮಾತ್ರ, ಒಂದೇ ಗೊಂಚಲಿನದು. ಕಿಟಕಿಗಾಜು ಬೇಡ.
ಚಿನ್ನದ ಗೆರೆ ಕೆರೆದು ತೊಳೆಯುವುದು, ಕಾವಿಗೆ ಕಪ್ಪಾಗುತ್ತದೆ.
ಹಲಗೆಗೆ ಹೊಸ ಬಿಳಿ.
ಗರಿಷ್ಠ ಏಳುನೂರ ಎಂಬತ್ತು, ಅಥವಾ ಅದಕ್ಕೂ ಮೊದಲೇ.
ಕಂಡಿಯ ಹತ್ತಿರ ಚೆನ್ನಾಜಮ್ಮ.